ಸಂಶಯ ಮತ್ತು ಸಾಕ್ಷ್ಯ

ಕೊಲೆ ಮೊಕದ್ದಮೆಗಳ ವೃತ್ತಾಂತಗಳನ್ನು ಓದುವ ಕುತೂಹಲವು ಮನುಷ್ಯನಿಗೆ ಸಹಜವಾದುದು. ಪತ್ರಿಕೆಯಲ್ಲಿ ಆರೋಪಿಯ ಭಾವಚಿತ್ರ ಕಂಡೊಡನೆ “ಮಾರಿ ನೋಡಿದ್ರ ಗೊತ್ತಾಗ್ತದ, ಇವನ ಕೊಂದಾನ” ಎಂದು ರಾಣೆಬೆನ್ನೂರಿನ ಚಹಾದಂಗಡಿಯಲ್ಲಿಯೂ ತೀರ್ಪು ಹೊರಬೀಳುತ್ತದೆ. ನ್ಯಾಯಾಲಯವಾದರೋ ಮಾರಿಯನ್ನು ನೋಡಿ ತೀರ್ಪು ಕೊಡುವುದಿಲ್ಲ. ಸಂಶಯವು ಸಾಕ್ಷ್ಯವಾಗಲು ಏನೇನು ಬೇಕೆಂಬುದನ್ನು ನಮ್ಮ ನಾಡಿನದೇ ಒಂದು ಮೊಕದ್ದಮೆಯ ಮೂಲಕ ವಿಚಾರಿಸೋಣ.

ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳಾದ ಶಾಕಿರೆ ಖಲೀಲಿಯವರು ಬೆಂಗಳೂರಿನ ರಿಚ್ಮಂಡ್ ರಸ್ತೆಯಲ್ಲಿ ವಾಸವಾಗಿದ್ದ ಸಿರಿವಂತ ಮಹಿಳೆ. ಸ್ವಾಮಿ ಶ್ರದ್ಧಾನಂದನೆಂದು ಹೆಸರಾಗಿದ್ದ ಮುರಳಿ ಮನೋಹರ ಮಿಶ್ರಾನನ್ನು ಅವರು 1986ರಲ್ಲಿ ಮದುವೆಯಾದರು. 1991ರ ಮೇ ತಿಂಗಳ ಕೊನೆಯಿಂದ ಅವರು ಯಾರ ಕಣ್ಣಿಗೂ ಬೀಳಲಿಲ್ಲ. ಮಗಳು ತಾಯಿ ಎಲ್ಲಿ ಎಂದು ಕೇಳಿದಾಗಲೆಲ್ಲ ಗಂಡನು ಬೇರೆ ಬೇರೆ ಊರು ಹೇಳುತ್ತ ಬಂದನು. 1992ರಲ್ಲಿ ಮಗಳು ಪೊಲೀಸರಿಗೆ ದೂರು ಕೊಟ್ಟಳು. ಸಂಶಯವೇನೋ ಬಲವಾಗಿತ್ತು. ಆದರೆ ಕೊಂದುದನ್ನು ಕಂಡವರಿರಲಿಲ್ಲ, ಹೆಣವೂ ಸಿಕ್ಕಿರಲಿಲ್ಲ.

1994ರ ಮಾರ್ಚಿನಲ್ಲಿ ಬಂಧಿತನಾದ ಶ್ರದ್ಧಾನಂದನು ಅದೇ ಮನೆಯ ಆವರಣದಲ್ಲಿ ಹೂತಿದ್ದ ಜಾಗವನ್ನು ತಾನೇ ತೋರಿಸಿದನು. ಅಗೆದಾಗ ಮರದ ಪೆಟ್ಟಿಗೆಯೂ ಅದರೊಳಗೆ ಅಸ್ಥಿಪಂಜರವೂ ದೊರೆತವು. ಅಗೆತವನ್ನು ವಿಡಿಯೋದಲ್ಲಿ ಚಿತ್ರೀಕರಿಸಲಾಯಿತು. ಡಿ.ಎನ್.ಎ. ಪರೀಕ್ಷೆಯಿಂದಲೂ, ತಲೆಬುರುಡೆಯನ್ನು ಭಾವಚಿತ್ರದೊಡನೆ ಹೋಲಿಸುವ ಕ್ರಮದಿಂದಲೂ ಗುರುತು ದೃಢವಾಯಿತು.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮಿನಂತೆ ಪೊಲೀಸರ ಮುಂದೆ ‘ನಾನೇ ಕೊಂದೆ’ ಎಂದ ಮಾತು ಆರೋಪಿಯ ವಿರುದ್ಧ ಸಾಕ್ಷ್ಯವಲ್ಲ. ಆದರೆ 27ನೆಯ ಕಲಮಿನಂತೆ ಅವನ ಮಾತಿನಿಂದ ಯಾವುದಾದರೂ ಸಂಗತಿ ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಮಾತ್ರ ಗ್ರಾಹ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮಿನಲ್ಲಿಯೂ ಇದೇ ತತ್ತ್ವ ಉಳಿದಿದೆ.

ಕಂಡ ಸಾಕ್ಷಿಯಿಲ್ಲದ ಮೊಕದ್ದಮೆಯಲ್ಲಿ ಸಾಂದರ್ಭಿಕ ಸಾಕ್ಷ್ಯವೇ ಆಧಾರ. ಅದು ಸರಪಳಿಯಿದ್ದಂತೆ, ಒಂದು ಕೊಂಡಿಯೂ ಕಳಚಿರಬಾರದು. ಪ್ರತಿಯೊಂದು ಸಂಗತಿಯೂ ಸಿದ್ಧವಾಗಿ, ಎಲ್ಲವೂ ಕೂಡಿ ಆರೋಪಿಯ ಅಪರಾಧವನ್ನಲ್ಲದೆ ಬೇರೆ ಯಾವುದನ್ನೂ ಸೂಚಿಸಬಾರದೆಂದು ಸುಪ್ರೀಂ ಕೋರ್ಟು 1984ರ ಶರದ್ ಬಿರ್ಧಿಚಂದ್ ಸಾರ್ದಾ ಮೊಕದ್ದಮೆಯಲ್ಲಿ ವಿಧಿಸಿದೆ.

ಶ್ರದ್ಧಾನಂದನಿಗೆ 2005ರಲ್ಲಿ ಸೆಷನ್ಸ್ ನ್ಯಾಯಾಲಯವು ಮರಣದಂಡನೆ ವಿಧಿಸಿತು. ಅದೇ ವರ್ಷ ಹೈಕೋರ್ಟು ಅದನ್ನು ಸ್ಥಿರಪಡಿಸಿತು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು 2007ರಲ್ಲಿ ಅಪರಾಧದ ವಿಷಯದಲ್ಲಿ ಒಮ್ಮತರಾದರೂ ಶಿಕ್ಷೆಯ ವಿಷಯದಲ್ಲಿ ಭಿನ್ನರಾದರು. ಕೊನೆಗೆ 2008ರ ಜುಲೈ 22ರಂದು ಮೂವರ ಪೀಠವು ಗಲ್ಲನ್ನು ತಪ್ಪಿಸಿ, ಬಿಡುಗಡೆಯಿಲ್ಲದ ಆಜೀವ ಸೆರೆವಾಸವನ್ನು ವಿಧಿಸಿತು. ಇಷ್ಟು ಘೋರ ಕೃತ್ಯದಲ್ಲಿಯೂ ನ್ಯಾಯಾಧೀಶರು ಎಷ್ಟು ಸಲ ತೂಗಿ ನೋಡಿದರೆಂಬುದು ವಿಚಾರಾರ್ಹವಾಗಿದೆ.

ಈಚೆಗೆ ಅಪರಾಧಿಯ ಮನೋಲಕ್ಷಣಗಳನ್ನು ಊಹಿಸುವ ವಿದ್ಯೆಯೊಂದು ಬೆಳೆದಿದೆ. ಅಮೇರಿಕೆಯ ಎಫ್.ಬಿ.ಐ. ಸಂಸ್ಥೆಯು 1970ರ ದಶಕದಲ್ಲಿ ಇದನ್ನು ವ್ಯವಸ್ಥಿತವಾಗಿ ರೂಢಿಸಿತು. ಕೃತ್ಯ ನಡೆದ ರೀತಿಯಿಂದ ಕರ್ತೃವಿನ ಸ್ವಭಾವವನ್ನು ತರ್ಕಿಸುವುದು ಇದರ ಕ್ರಮ. ಯಾರನ್ನು ಹುಡುಕಬೇಕೆಂಬುದಕ್ಕೆ ಇದು ನೆರವಾದೀತು. ಇವನೇ ಕೊಂದನೆಂದು ಸಿದ್ಧಪಡಿಸಲಾರದು. ಮಂಪರು ಪರೀಕ್ಷೆಯನ್ನು ಸಹ ಒಪ್ಪಿಗೆಯಿಲ್ಲದೆ ಯಾರ ಮೇಲೂ ನಡೆಸಬಾರದೆಂದು 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸಾರಿದೆ.

‘ಇಷ್ಟೆಲ್ಲ ಕಟ್ಟುಪಾಡು ಕೊಲೆಗಡುಕರಿಗೇ ಅನುಕೂಲವಲ್ಲವೇ?’ ಎಂದು ಕೆಲವರು ಕೇಳಬಹುದು. ನನ್ನ ಮನೆತನದಲ್ಲಿ ಕಾಲೇಜು ಕಟ್ಟೆ ಹತ್ತಿದವನು ನಾನೇ ಮೊದಲಿಗ. ಹಿರಿಯರು ಇಂದಿಗೂ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವರು. ಅಂಥವರನ್ನು ಠಾಣೆಯಲ್ಲಿ ಕೂಡ್ರಿಸಿ, ಅವರಿಗೆ ಓದಲು ಬಾರದ ಜಬಾನಿಗೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅವರ ಗತಿಯೇನು? 25ನೆಯ ಕಲಮು ಕಾಯುತ್ತಿದ್ದುದು ಅವರನ್ನೇ. ಸತ್ತವರಿಗೆ ನ್ಯಾಯ ಸಿಕ್ಕಬೇಕೆಂಬುದು ನಿಜ. ನಿರಪರಾಧಿಯನ್ನು ಗಲ್ಲಿಗೇರಿಸಿದರೆ ಆ ನ್ಯಾಯ ಸಿಕ್ಕಂತಾಗದು, ನಿಜವಾದ ಕೊಲೆಗಾರನೂ ಪಾರಾಗುವನು.

ಆದಕಾರಣ ಇನ್ನು ಮುಂದೆ ಇಂಥ ವೃತ್ತಾಂತವನ್ನು ಓದುವಾಗ ‘ಕಂಡವರಾರು? ದೊರೆತುದೇನು? ಸರಪಳಿ ಪೂರ್ತಿಯಾಗಿದೆಯೇ?’ ಎಂದು ಕೇಳಿಕೊಳ್ಳೋಣ. ವಿದ್ಯೆ ಕಲಿತ ನಾವು ಚಹಾದಂಗಡಿಯಲ್ಲಿಯೂ ಈ ಪ್ರಶ್ನೆಗಳನ್ನೆತ್ತುವುದು ಉಚಿತ.