ತೊಗರಿಯ ತೂಕವೂ ಸತ್ತ್ವವೂ

ವಿಜ್ಞಾನದ ಗುರುಗಳು ರಜೆಯಲ್ಲಿದ್ದ ಒಂದು ದಿನ ಒಂಬತ್ತನೆಯ ತರಗತಿಯ ಆಹಾರದ ಪಾಠವು ಕನ್ನಡ ಕಲಿಸುವ ನನ್ನ ಪಾಲಿಗೆ ಬಂದಿತು. ಪಾಠ ಮುಗಿಯುತ್ತಿದ್ದಂತೆ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ್, ಸೋಯಾ ಅವರೆಯಲ್ಲಿ ನೂರಕ್ಕೆ ನಲವತ್ತು ಪಾಲು ಸಸಾರಜನಕವಂತೆ, ತೊಗರಿಯಲ್ಲಿ ಅದರ ಅರ್ಧ ಮಾತ್ರ. ಹಾಗಿದ್ದ ಮೇಲೆ ನಮ್ಮ ಮನೆಯಲ್ಲಿ ದಿನವೂ ತೊಗರಿಬೇಳೆಯನ್ನೇ ಏಕೆ ಬೇಯಿಸುತ್ತಾರೆ?” ಎಂದು ಕೇಳಿದಳು. ಕಲಬುರಗಿಯ ಸೀಮೆಯಲ್ಲಿ ತೊಗರಿ ತಿಂದೇ ಬೆಳೆದವನಾದರೂ ನನಗೆ ಆಗ ಉತ್ತರ ತೋಚಲಿಲ್ಲ. ಆ ಸಾಲವನ್ನು ಈ ಲೇಖನದಿಂದ ತೀರಿಸುತ್ತಿದ್ದೇನೆ.

ಮೊದಲು ಸಸಾರಜನಕವನ್ನು, ಎಂದರೆ ಪ್ರೋಟೀನನ್ನು, ಅಳೆಯುವ ಬಗೆಯನ್ನು ತಿಳಿಯೋಣ. ಕಾಳನ್ನು ಹಿಟ್ಟುಮಾಡಿ ಅದರಲ್ಲಿರುವ ಸಾರಜನಕವೆಷ್ಟೆಂಬುದನ್ನು ರಸಾಯನ ಕ್ರಮದಿಂದ ಕಂಡುಹಿಡಿಯುತ್ತಾರೆ. ಪ್ರೋಟೀನಿನ ತೂಕದಲ್ಲಿ ನೂರಕ್ಕೆ ಸುಮಾರು ೧೬ ಪಾಲು ಸಾರಜನಕವಿರುತ್ತದೆ. ನೂರನ್ನು ಹದಿನಾರರಿಂದ ಭಾಗಿಸಿದರೆ ೬.೨೫ ಬರುವುದಷ್ಟೆ, ಆದುದರಿಂದ ಸಿಕ್ಕಿದ ಸಾರಜನಕವನ್ನು ೬.೨೫ರಿಂದ ಗುಣಿಸಿದರೆ ಪ್ರೋಟೀನಿನ ಲೆಕ್ಕ ದೊರೆಯುತ್ತದೆ. ಹೀಗೆ ಅಳೆದರೆ ನಮ್ಮ ಸಾಮಾನ್ಯ ತೊಗರಿಯಲ್ಲಿ ನೂರಕ್ಕೆ ೨೦ರಿಂದ ೨೨ ಪಾಲಿನಷ್ಟು ಕಾಣುತ್ತದೆ.

ಇದನ್ನು ಹೆಚ್ಚಿಸಬಾರದೆ? ಹೆಚ್ಚಿಸಬಹುದು, ಆದರೆ ಗಿಡವು ಅದಕ್ಕೆ ಬೆಲೆ ತೆರಬೇಕು. ಎಲೆಗಳು ಬಿಸಿಲಿನಲ್ಲಿ ಸಿದ್ಧಪಡಿಸಿದ ಒಂದು ಗ್ರಾಂ ಸಕ್ಕರೆಯಿಂದ ಸುಮಾರು ೦.೮ ಗ್ರಾಂ ಪಿಷ್ಟವಾಗುತ್ತದೆ. ಅದೇ ಸಕ್ಕರೆಯಿಂದ ಪ್ರೋಟೀನು ಮಾಡಹೊರಟರೆ ಸುಮಾರು ೦.೪ ಗ್ರಾಂ ಮಾತ್ರ. ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಬೇರುಗಂಟುಗಳ ಸೂಕ್ಷ್ಮಜೀವಿಗಳಿಗೂ ಗಿಡವೇ ಸಕ್ಕರೆಯನ್ನು ಉಣಿಸಬೇಕು. ಆದುದರಿಂದ ಸತ್ತ್ವ ಏರಿದಲ್ಲಿ ತೂಕ ಇಳಿಯುವ ಭಯ ಉಂಟು. ಬೀದರಿನ ಹೊಲಗಳಲ್ಲಿ ನೀವು ಕಾಣುವ ಸೋಯಾ ಅವರೆಗೂ ಈ ನಿಯಮ ತಪ್ಪಿದ್ದಲ್ಲ. ಅಲ್ಲಿ ಎಣ್ಣೆಯೆಂಬ ಮೂರನೆಯ ಪಾಲುದಾರನೂ ಇರುವುದರಿಂದ ಜಗಳ ಇನ್ನೂ ಹೆಚ್ಚು: ಪ್ರೋಟೀನನ್ನು ಎತ್ತಿದರೆ ಎಣ್ಣೆ ತಗ್ಗುತ್ತದೆ, ಅನೇಕ ವೇಳೆ ಇಳುವರಿಯೂ ತಗ್ಗುತ್ತದೆ.

ಈ ತೊಡಕನ್ನು ತೊಗರಿಯಲ್ಲಿ ಬಿಡಿಸಲೆತ್ನಿಸಿದ ಸ್ಥಳ ನಮಗೆ ದೂರವಿಲ್ಲ. ಅಬಿಡ್ಸಿನಿಂದ ಬೀದರಿನ ಬಸ್ಸು ಹೋಗುವ ದಾರಿಯಲ್ಲಿ ಸುಮಾರು ೩೦ ಕಿಲೋಮೀಟರು ಸಾಗಿದರೆ ಪಟಾನ್‌ಚೆರು. ಅಲ್ಲಿ ೧೯೭೨ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಬೀಜಭಂಡಾರದಲ್ಲಿ ದೇಶವಿದೇಶಗಳ ೧೩,೦೦೦ಕ್ಕೂ ಮಿಕ್ಕಿದ ತೊಗರಿಯ ಮಾದರಿಗಳನ್ನು ತಣ್ಣಗೆ ಕಾಪಾಡಿದ್ದಾರೆ.

ರೈತನಿಗೆ ಮೊದಲು ಬೇಕಾದದ್ದು ಸತ್ತ್ವವಲ್ಲ, ಬೆಳೆ ಉಳಿಯುವುದು. ನೆಟೆ ರೋಗವನ್ನು ಹಳ್ಳಿಯಿಂದ ಬಂದ ನಿಮ್ಮಲ್ಲಿ ಕೆಲವರಾದರೂ ಕಂಡಿರಬೇಕು. ಹೂವು ಕಾಯಿ ಹಿಡಿಯುವ ಹೊತ್ತಿಗೆ ಗಿಡ ನಿಂತಲ್ಲೇ ಬಾಡುತ್ತದೆ. ಕಾಂಡದ ಸಿಪ್ಪೆ ಸುಲಿದರೆ ಒಳಗೆ ಕಪ್ಪು ಗೆರೆ. ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುವ ಒಂದು ಶಿಲೀಂಧ್ರವು ನೀರಿನ ನಾಳಗಳನ್ನು ಮುಚ್ಚುವುದೇ ಇದಕ್ಕೆ ಕಾರಣ. ನಮ್ಮ ಅಜ್ಜನವರು ಇಂತಹ ಹೊಲದ ಬದುವಿನಲ್ಲಿ ಕುಳಿತು ಮಾತನಾಡದೆ ಎದ್ದು ಬಂದ ದಿನಗಳನ್ನು ಮನೆಯವರು ಇಂದಿಗೂ ನೆನೆಯುತ್ತಾರೆ. ಭಂಡಾರದ ೮೮೬೩ನೆಯ ಸಂಖ್ಯೆಯ ಬೀಜವು ಈ ರೋಗವನ್ನು ತಡೆದು ನಿಂತಿತು. ಅದೇ ೧೯೮೬ರಲ್ಲಿ ‘ಮಾರುತಿ’ ಎಂಬ ಹೆಸರಿನಿಂದ ಕರ್ನಾಟಕದ ರೈತರ ಕೈಸೇರಿತು. ಆದರೆ ಗಿಡವನ್ನು ಹೂವಿಲ್ಲದಂತೆ ಮಾಡುವ ಗೊಡ್ಡು ರೋಗಕ್ಕೆ ಮಾರುತಿಯೂ ಸೋಲುತ್ತದೆ. ಎರಡನ್ನೂ ತಡೆಯಬಲ್ಲ ‘ಆಶಾ’ ತಳಿ ೧೯೯೩ರಲ್ಲಿ ಬಂದಿತು.

ಇನ್ನು ಸತ್ತ್ವದ ಮಾತು. ಹೊಲದ ತೊಗರಿಯಲ್ಲಿ ಹುಡುಕಿದ್ದು ಸಾಲದೆಂದು ವಿಜ್ಞಾನಿಗಳು ಅದರ ಕಾಡುನಂಟರ ಕಡೆಗೆ ತಿರುಗಿದರು. ಇವು ಬಳ್ಳಿಗಳಂತೆ ಹಬ್ಬುವ, ಸಣ್ಣ ಕಾಳಿನ ಸಸ್ಯಗಳು. ಹೊಲದಲ್ಲಿ ಕಂಡರೆ ಕಳೆಯೆಂದೇ ಕಿತ್ತೆಸೆಯುವೆವು. ಆದರೆ ಇವುಗಳ ಕಾಳಿನಲ್ಲಿ ಪ್ರೋಟೀನು ನೂರಕ್ಕೆ ೨೮ರ ಆಸುಪಾಸು! ಇವನ್ನು ಹೊಲದ ತೊಗರಿಯೊಡನೆ ಸಂಕರ ಮಾಡಬೇಕು. ಮೊಗ್ಗು ಅರಳುವ ಮೊದಲೇ ಚಿಮುಟದಿಂದ ಅದನ್ನು ಬಿಡಿಸಿ, ಒಳಗಿನ ಹತ್ತು ಕೇಸರಗಳನ್ನೂ (ಒಂಬತ್ತು ಒಟ್ಟಿಗೆ ಕೂಡಿಕೊಂಡಿರುತ್ತವೆ, ಹತ್ತನೆಯದು ಬಿಡಿ) ಕಿತ್ತು, ಇನ್ನೊಂದರ ಪರಾಗವನ್ನು ಸವರಬೇಕು. ಹೀಗೆ ಮುಟ್ಟಿದ ಮೊಗ್ಗುಗಳಲ್ಲಿ ಬಹಳಷ್ಟು ಉದುರಿಹೋಗುತ್ತವೆ. ಉಳಿದವುಗಳ ಸಂತತಿಯಲ್ಲಿ ಕಾಡಿನ ಸಣ್ಣ ಕಾಳೂ ಬಳ್ಳಿಯ ಚಾಳಿಯೂ ಬೆರೆತಿರುತ್ತವೆ. ತಲೆಮಾರಿನಿಂದ ತಲೆಮಾರಿಗೆ ದಪ್ಪ ಕಾಳನ್ನೂ ಹೆಚ್ಚು ಪ್ರೋಟೀನನ್ನೂ ಆರಿಸುತ್ತ ಹೋಗಬೇಕು. ಬೆಳೆಯೋ ಸುಮಾರು ಆರು ತಿಂಗಳಿನದು. ಇಷ್ಟಾದ ಮೇಲೆ ಪಟಾನ್‌ಚೆರುವಿನಲ್ಲಿ ನೂರಕ್ಕೆ ೨೬ಕ್ಕೂ ಮಿಕ್ಕಿ ಪ್ರೋಟೀನುಳ್ಳ, ಇಳುವರಿಯಲ್ಲಿಯೂ ಸಾಮಾನ್ಯ ತಳಿಗೆ ಸರಿದೂಗುವ ಸಾಲುಗಳು ಸಿದ್ಧವಾದವು. ತೂಕವೂ ಸತ್ತ್ವವೂ ಕೂಡಿಬರಲಾರವೆಂಬ ಭಯವು ತೊಗರಿಯ ಮಟ್ಟಿಗೆ ಪೂರ್ತಿ ನಿಜವಲ್ಲವೆಂದು ಇದರಿಂದ ತಿಳಿಯಿತು.

ಆದರೂ ಅವು ಮಾರುತಿ, ಆಶಾಗಳಂತೆ ಹಬ್ಬಲಿಲ್ಲ. ಏಕೆಂದರೆ ಅಡತಿಯ ತಕ್ಕಡಿ ತೂಗುವುದು ಕಾಳನ್ನು, ಪ್ರೋಟೀನನ್ನಲ್ಲ. ಒಬ್ಬನು ನೂರಕ್ಕೆ ೨೧ ಪಾಲಿನ ಹತ್ತು ಕ್ವಿಂಟಾಲು ತೊಗರಿಯನ್ನೂ, ಇನ್ನೊಬ್ಬನು ೨೬ ಪಾಲಿನ ಒಂಬತ್ತು ಕ್ವಿಂಟಾಲನ್ನೂ ತಂದರೆಂದು ಇಟ್ಟುಕೊಳ್ಳಿ. ಮೊದಲನೆಯವನು ತಂದ ಪ್ರೋಟೀನು ೨೧೦ ಕಿಲೋ, ಎರಡನೆಯವನದು ೨೩೪ ಕಿಲೋ. ಆದರೆ ಹಣ ಹೆಚ್ಚು ಎಣಿಸಿಕೊಳ್ಳುವವನು ಮೊದಲನೆಯವನೇ. ಇದು ಗಿಡದ ದೋಷವಲ್ಲ, ಕೊಳ್ಳುವ ನಮ್ಮದು ಎಂದು ನನ್ನ ಅಭಿಪ್ರಾಯ.

ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಉಳಿಯಿತು. ಸೋಯಾ ಅವರೆ ತೊಗರಿಯಂತೆ ಮೆತ್ತಗೆ ಬೆಂದು ಸಾರಾಗುವುದಿಲ್ಲ. ಹಸಿಯಾಗಿದ್ದರೆ ಜೀರ್ಣಕ್ಕೆ ಅಡ್ಡಿಮಾಡುವ ಅಂಶವೂ ಅದರಲ್ಲಿದೆ, ಚೆನ್ನಾಗಿ ಕಾಯಿಸಿದರೆ ಮಾತ್ರ ಅದು ಅಳಿಯುತ್ತದೆ. ಇನ್ನು ಜೋಳದ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಂಶ ಬಹಳ ಕಡಿಮೆ. ತೊಗರಿಯಲ್ಲಿ ಅದು ಯಥೇಚ್ಛ. ನಿನ್ನ ತಾಯಿಯವರು ರೊಟ್ಟಿಯ ಪಕ್ಕದಲ್ಲಿ ಬೇಳೆ ಬಡಿಸುವುದರಿಂದ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ, ತಂಗೀ.

ದೀಪಾವಳಿಯ ಹೊತ್ತಿಗೆ ನಮ್ಮ ಕಡೆ ತೊಗರಿ ಹೂವಿಗೆ ಬಂದಿರುತ್ತದೆ. ರಜೆಗೆ ಊರಿಗೆ ಹೋದವರು ಮೊಗ್ಗಿರುವ ಒಂದು ಟೊಂಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದರೆ, ತರಗತಿಯಲ್ಲಿ ಬಿಡಿಸಿ ಆ ಹತ್ತು ಕೇಸರಗಳನ್ನು ಎಣಿಸೋಣ.