ವಿಡಿಯೊ ಸಂವಾದಕ್ಕೆ ಡಿಜಿಟಲ್ ದೂರವಾಣಿ ಮಾರ್ಗ: ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಒಂದು ಅಧ್ಯಯನ ಪಾಠ

ವಿಡಿಯೊ ಸಂವಾದದ ಮೂಲಕ ನಡೆಯುವ ಪ್ರಗತಿ ಪರಿಶೀಲನಾ ಸಭೆಯ ನಡಾವಳಿಯಲ್ಲಿ ಕೆಲವೊಮ್ಮೆ ಒಂದು ಗ್ರಾಮ ಪಂಚಾಯತಿಯ ಹೆಸರಿನ ಮುಂದೆ ‘ಸಂಪರ್ಕ ದೊರೆಯಲಿಲ್ಲ’ ಎಂಬ ಎರಡೇ ಪದಗಳು ದಾಖಲಾಗುತ್ತವೆ. ಆ ದಿನ ಮಂಡಿಸಬೇಕಾಗಿದ್ದುದು ಬತ್ತಿದ ಕೊಳವೆಬಾವಿಯ ವಿಷಯವಾಗಿರಬಹುದು, ಪಾವತಿಯಾಗದ ಟ್ಯಾಂಕರ್ ಬಿಲ್ಲಾಗಿರಬಹುದು, ಶಾಲೆಯ ಸೋರುವ ಚಾವಣಿಯಾಗಿರಬಹುದು. ಅದು ಮುಂದಿನ ಸಭೆಗೆ ಹೋಗುತ್ತದೆ. ಏಪ್ರಿಲ್ ತಿಂಗಳಲ್ಲಿ ನೀರಿನ ವಿಷಯವೊಂದು ಮುಂದಿನ ಸಭೆಗೆ ಹೋಯಿತೆಂದರೆ ಅದರ ಅರ್ಥವೇನೆಂಬುದನ್ನು ಸದಸ್ಯರಿಗೆ ವಿವರಿಸಬೇಕಾಗಿಲ್ಲ. ಸಂಪರ್ಕದ ಕೆಲಸವನ್ನು ಗಣಕಯಂತ್ರ ನಿರ್ವಾಹಕರಿಗೆ ಬಿಟ್ಟು, ಅದು ತಮಗೆ ಸಂಬಂಧಿಸಿದ್ದಲ್ಲವೆಂದು ಸುಮ್ಮನಿರುವುದು ಎಲ್ಲೆಡೆ ಕಂಡುಬರುವ ರೂಢಿ. ಆದರೆ ದೂರವಾಣಿ ಬಿಲ್ಲನ್ನು ಅನುಮೋದಿಸುವವರು ಸದಸ್ಯರೇ. ಉಪಕರಣ ಖರೀದಿಯ ಠರಾವಿಗೆ ಕೈ ಎತ್ತುವವರೂ ಅವರೇ. ಆದ್ದರಿಂದ ತಂತಿಯ ಒಳಗೆ ಏನು ನಡೆಯುತ್ತದೆಂಬುದನ್ನು ಒಂದಿಷ್ಟು ತಿಳಿದಿರುವುದು ಯುಕ್ತ.

ಇಂದು ಬಹುತೇಕ ಸಂವಾದಗಳು ಅಂತರ್ಜಾಲದ ಮೂಲಕ ನಡೆಯುತ್ತವೆ. ಅದಕ್ಕೂ ಮೊದಲು, ದೂರವಾಣಿಯ ತಾಮ್ರದ ತಂತಿಯ ಮೇಲೆಯೇ ಚಿತ್ರ ಮತ್ತು ಧ್ವನಿ ಎರಡನ್ನೂ ಸಾಗಿಸುವ ಒಂದು ವ್ಯವಸ್ಥೆ ಇದ್ದಿತು. ಅದರ ಹೆಸರು ಐಎಸ್‌ಡಿಎನ್, ಅಂದರೆ ಸಮಗ್ರ ಸೇವೆಗಳ ಡಿಜಿಟಲ್ ಜಾಲ. ಈ ಪಾಠ ಆ ಹಳೆಯ ವ್ಯವಸ್ಥೆಯಿಂದಲೇ ಆರಂಭವಾಗುತ್ತದೆ. ಅದರ ಲೆಕ್ಕ ಬಿಡಿಬಿಡಿಯಾಗಿ ಕಣ್ಣಿಗೆ ಕಾಣುವಂಥದ್ದು. ಅದನ್ನು ಅರಿತವರಿಗೆ ಇಂದಿನ ಆಪ್ಟಿಕಲ್ ಫೈಬರ್ ಸಂಪರ್ಕದ ದೋಷ ಎಲ್ಲಿದೆಯೆಂದು ಕೇಳುವುದು ಸುಲಭವಾಗುತ್ತದೆ.

ದೂರವಾಣಿಯಲ್ಲಿ ಮನುಷ್ಯನ ಧ್ವನಿಯನ್ನು ಸಂಖ್ಯೆಗಳನ್ನಾಗಿ ಮಾರ್ಪಡಿಸುವಾಗ ಪ್ರತಿ ಸೆಕೆಂಡಿಗೆ 8,000 ಬಾರಿ ಅದನ್ನು ಅಳೆಯಲಾಗುತ್ತದೆ. ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯಲಾಗುತ್ತದೆ. ಎರಡನ್ನೂ ಗುಣಿಸಿದರೆ ಸೆಕೆಂಡಿಗೆ 64,000 ಬಿಟ್, ಅಂದರೆ 64 ಕಿಲೊಬಿಟ್. ಮುಂದಿನ ಲೆಕ್ಕವೆಲ್ಲ ಈ 64ರ ಮೇಲೆಯೇ ನಿಂತಿದೆ. ಐಎಸ್‌ಡಿಎನ್‌ನ ಮೂಲ ಸಂಪರ್ಕವೊಂದರಲ್ಲಿ 64 ಕಿಲೊಬಿಟ್‌ನ ಎರಡು ವಾಹಿನಿಗಳಿರುತ್ತವೆ. ಅವುಗಳಿಗೆ ಬಿ ವಾಹಿನಿ ಎಂದು ಹೆಸರು. ಜೊತೆಗೆ 16 ಕಿಲೊಬಿಟ್‌ನ ಒಂದು ಡಿ ವಾಹಿನಿ ಇರುತ್ತದೆ. ಕೆರೆಯ ತೂಬನ್ನು ಎತ್ತಿ ಇಳಿಸುವ ನೀರಗಂಟಿ ತಾನು ನೀರು ಹೊರುವುದಿಲ್ಲ. ಯಾವ ಗದ್ದೆಗೆ ಯಾವಾಗ ನೀರು ಹೋಗಬೇಕೆಂಬುದನ್ನು ನೋಡಿಕೊಳ್ಳುತ್ತಾನೆ. ಡಿ ವಾಹಿನಿಯ ಕೆಲಸವೂ ಅಂಥದ್ದೇ. ಕರೆ ಯಾರಿಗೆ, ಅದು ಯಾವ ಬಗೆಯದು, ಯಾವಾಗ ಮುಗಿಯಿತು ಎಂಬ ಸೂಚನೆಗಳು ಅದರಲ್ಲಿ ಸಾಗುತ್ತವೆ. ಚಿತ್ರ ಮತ್ತು ಮಾತು ಸಾಗುವುದು ಬಿ ವಾಹಿನಿಗಳಲ್ಲಿ.

ಎರಡು ಬಿ ವಾಹಿನಿ ಸೇರಿದರೆ 128 ಕಿಲೊಬಿಟ್. ಇಷ್ಟರಲ್ಲಿ ಚಿತ್ರ ಕಾಣುತ್ತದೆ. ಆದರೆ ಮಾತನಾಡುವವರು ಕೈ ಎತ್ತಿದರೆ ಕೈಯ ಜಾಗದಲ್ಲಿ ಮಸುಕಾದ ಚೌಕಗಳು ಮೂಡುತ್ತವೆ. ಸಭೆ ನಡೆಸಲು ಯೋಗ್ಯವಾದ ಚಿತ್ರಕ್ಕೆ 384 ಕಿಲೊಬಿಟ್ ಬೇಕೆಂಬುದು ಆ ಕಾಲದ ಸಾಮಾನ್ಯ ಅಳತೆಯಾಗಿತ್ತು. ಅಂದರೆ ಆರು ಬಿ ವಾಹಿನಿ, ಅಂದರೆ ಮೂರು ಐಎಸ್‌ಡಿಎನ್ ಸಂಪರ್ಕ. ಹಳೆಯ ಸಂವಾದ ಕೊಠಡಿಗಳ ಗೋಡೆಯ ಮೇಲೆ ಮೂರು ಸಣ್ಣ ಪೆಟ್ಟಿಗೆಗಳು ಸಾಲಾಗಿ ಕಾಣಿಸಿದರೆ ಅದಕ್ಕೆ ಕಾರಣ ಇದೇ. ಎನ್‌ಟಿ-1 ಎಂದು ಕರೆಯಲಾಗುವ ಆ ಪೆಟ್ಟಿಗೆಗೆ ಒಂದು ಕಡೆ ಎಕ್ಸ್‌ಚೇಂಜಿನಿಂದ ಬಂದ ಎರಡು ಎಳೆಯ ತಾಮ್ರದ ತಂತಿ, ಇನ್ನೊಂದು ಕಡೆ ಸಂವಾದ ಉಪಕರಣಕ್ಕೆ ಹೋಗುವ ನಾಲ್ಕು ಎಳೆಯ ತಂತಿ. ಅದು ಕರೆಂಟಿನಿಂದ ನಡೆಯುವಂಥದ್ದು. ಟಿ.ವಿ. ಮತ್ತು ಕ್ಯಾಮೆರಾಗಳಿಗೆ ಯುಪಿಎಸ್ ಇಟ್ಟು, ಈ ಪುಟ್ಟ ಪೆಟ್ಟಿಗೆಯನ್ನು ಬರಿಯ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದಲ್ಲಿ, ಕರೆಂಟು ಹೋದಾಗ ಪರದೆ ಬೆಳಗುತ್ತಲೇ ಇರುತ್ತದೆ, ಸಭೆ ಮಾತ್ರ ಇರುವುದಿಲ್ಲ.

ಮೂರು ಸಂಪರ್ಕಗಳನ್ನು ತಂದು ಸಿಕ್ಕಿಸಿದ ಮಾತ್ರಕ್ಕೆ 384 ಕಿಲೊಬಿಟ್ ದೊರೆಯುವುದಿಲ್ಲ. ವ್ಯವಸ್ಥೆಯ ಸಂಯೋಜನೆಯಲ್ಲಿ ಅತ್ಯಂತ ಸೂಕ್ಷ್ಮವಾದ ಭಾಗ ಇದು. ದೂರವಾಣಿ ಜಾಲಕ್ಕೆ ಇದು ಒಂದು ಕರೆಯಲ್ಲ, ಆರು ಪ್ರತ್ಯೇಕ ಕರೆಗಳು. ಆರೂ ಒಂದೇ ದಾರಿಯಲ್ಲಿ ಹೋಗಬೇಕೆಂಬ ನಿಯಮವಿಲ್ಲ. ಒಂದು ಬಾಗಿಲಿನ ಬಿಡಿಭಾಗಗಳನ್ನು ಆರು ಜನ ಬೇರೆ ಬೇರೆ ದಾರಿಯಲ್ಲಿ ಹೊತ್ತು ತಂದರೆ, ಕೊನೆಯವನು ಬರುವವರೆಗೂ ಬಡಗಿ ಕಾಯಲೇಬೇಕು. ಎರಡೂ ತುದಿಯ ಉಪಕರಣಗಳು ಪ್ರತಿ ವಾಹಿನಿಯ ವಿಳಂಬವನ್ನು ಅಳೆದು, ಮೊದಲು ಬಂದುದನ್ನು ತಡೆದಿಟ್ಟು, ಆರನ್ನೂ ಸರಿಗಟ್ಟಿ ಒಂದಾಗಿಸುತ್ತವೆ. ಈ ಕ್ರಮಕ್ಕೆ ಬಾಂಡಿಂಗ್ ಎಂದು ಹೆಸರು.

ಬಾಂಡಿಂಗ್‌ನಲ್ಲಿ ಕರೆ ಮಾಡುವವರು ಒಂದೇ ಸಂಖ್ಯೆಯನ್ನು ಒತ್ತುತ್ತಾರೆ. ಮೊದಲ ವಾಹಿನಿ ಕೂಡಿದೊಡನೆ ಕರೆ ಸ್ವೀಕರಿಸಿದ ಉಪಕರಣವು ತನ್ನ ಉಳಿದ ಸಂಖ್ಯೆಗಳನ್ನು ತಿಳಿಸುತ್ತದೆ. ಅವುಗಳಿಗೆ ಆಚೆಯ ಉಪಕರಣ ತಾನೇ ಕರೆ ಮಾಡುತ್ತದೆ. ಆದ್ದರಿಂದ ಸ್ವೀಕರಿಸುವ ಉಪಕರಣದಲ್ಲಿ ಮೂರೂ ಸಂಪರ್ಕಗಳ ಸಂಖ್ಯೆಗಳನ್ನು ತಪ್ಪಿಲ್ಲದೆ ನಮೂದಿಸಿರಬೇಕು. ಒಂದು ಅಂಕಿ ಅದಲುಬದಲಾದರೂ ಮೊದಲ ವಾಹಿನಿ ಕೂಡುತ್ತದೆ, ಉಳಿದವು ಕೂಡುವುದಿಲ್ಲ. ಉಪಕರಣ ಒಂದೆರಡು ನಿಮಿಷ ತಡಕಾಡಿ ಸೋಲುತ್ತದೆ. ಎಸ್‌ಟಿಡಿ ಕೋಡ್‌ಗೆ ಬೇರೆಯೇ ಕಲಂ ಇರುವ ಉಪಕರಣದಲ್ಲಿ ಕೋಡನ್ನೂ ಸಂಖ್ಯೆಯನ್ನೂ ಒಂದೇ ಕಲಂನಲ್ಲಿ ಸೇರಿಸಿ ಬರೆಯುವುದು ಇನ್ನೊಂದು ತಪ್ಪು.

ಉಪಕರಣ ಕೇಳುವ ಮತ್ತೊಂದು ವಿವರ ಎಕ್ಸ್‌ಚೇಂಜ್ ಅನುಸರಿಸುವ ಪದ್ಧತಿ. ಭಾರತದ ಜಾಲ ಅನುಸರಿಸಿದ್ದು ಯೂರೋ ಐಎಸ್‌ಡಿಎನ್ ಪದ್ಧತಿಯನ್ನು. ಅಮೆರಿಕದಲ್ಲಿ ಪದ್ಧತಿ ಬೇರೆ. ಅಲ್ಲಿ ಪ್ರತಿ ವಾಹಿನಿಗೆ ಸ್ಪಿಡ್ ಎಂಬ ಉದ್ದನೆಯ ಗುರುತು ಸಂಖ್ಯೆಯನ್ನೂ ಕೊಡಬೇಕಾಗುತ್ತಿತ್ತು. ಆ ದೇಶಕ್ಕಾಗಿ ಬರೆದ ಕೈಪಿಡಿಯನ್ನು ಮುಂದಿಟ್ಟುಕೊಂಡವರು ಇಲ್ಲದ ಸ್ಪಿಡ್ ಸಂಖ್ಯೆಯನ್ನು ಎಕ್ಸ್‌ಚೇಂಜಿನಲ್ಲಿ ಕೇಳುತ್ತ ಅಲೆಯುವ ಸಂಭವವಿತ್ತು. ಉಪಕರಣದೊಡನೆ ಬರುವ ಕೈಪಿಡಿ ಯಾವ ದೇಶದ ಜಾಲಕ್ಕಾಗಿ ಬರೆದದ್ದೆಂದು ಖರೀದಿಯ ಹಂತದಲ್ಲೇ ಕೇಳುವುದು ಇಂದಿಗೂ ಅನಗತ್ಯವಲ್ಲ.

ಎಕ್ಸ್‌ಚೇಂಜಿನ ಕಡೆಯಿಂದಲೂ ಎರಡು ಅನುಮತಿಗಳು ಬೇಕು. ಮೊದಲನೆಯದು, ಸಂಪರ್ಕದಲ್ಲಿ ಧ್ವನಿಕರೆಗೆ ಮಾತ್ರವಲ್ಲದೆ ಡಿಜಿಟಲ್ ಡೇಟಾ ಕರೆಗೂ ಅವಕಾಶವಿರಬೇಕು. ಇಲ್ಲದಿದ್ದಲ್ಲಿ ಆ ಮಾರ್ಗಕ್ಕೆ ಫೋನ್ ಜೋಡಿಸಿ ಮಾತನಾಡಿದರೆ ಎಲ್ಲವೂ ಸರಿಯಾಗಿ ಕೇಳುತ್ತದೆ, ವಿಡಿಯೊ ಕರೆ ಮಾತ್ರ ಕೂಡುವುದಿಲ್ಲ. ‘ಲೈನ್ ಸರಿಯಿದೆ’ ಎಂದು ಲೈನ್‌ಮನ್ ಹೇಳುವುದೂ ನಿಜ, ‘ಸಭೆ ಆಗುತ್ತಿಲ್ಲ’ ಎಂದು ಪಂಚಾಯತಿ ಹೇಳುವುದೂ ನಿಜ. ಎರಡನೆಯದು ಎಸ್‌ಟಿಡಿ ಸೌಲಭ್ಯ. ಅದಿಲ್ಲದ ಮಾರ್ಗಕ್ಕೆ ಹೊರಗಿನ ಕರೆ ಬರುತ್ತದೆ, ಅಲ್ಲಿಂದ ದೂರದ ಊರಿಗೆ ಹೋಗುವುದಿಲ್ಲ.

ದೋಷ ಹುಡುಕುವ ಕ್ರಮ ಇಲ್ಲಿ ಬಲು ಸರಳವಾಗಿತ್ತು. ಇಂದಿನ ವ್ಯವಸ್ಥೆಗಳಿಗೆ ಆ ಸರಳತೆ ಇಲ್ಲವೆಂದೇ ಹೇಳಬೇಕು. ಒಂದೊಂದು ಸಂಪರ್ಕವನ್ನೂ ಪ್ರತ್ಯೇಕವಾಗಿಟ್ಟು, ಅದರ ಒಂದು ವಾಹಿನಿಯಿಂದ ಅದರದೇ ಇನ್ನೊಂದು ವಾಹಿನಿಗೆ ಕರೆ ಮಾಡುವುದು ಮೊದಲ ಪರೀಕ್ಷೆ. ಕರೆ ಎಕ್ಸ್‌ಚೇಂಜಿನವರೆಗೆ ಹೋಗಿ ತಿರುಗಿ ಬಂದರೆ ಆ ತಂತಿ, ಆ ಪೆಟ್ಟಿಗೆ, ಆ ಎಕ್ಸ್‌ಚೇಂಜ್ ಮೂರೂ ಸರಿಯಾಗಿವೆ. ಬಳಿಕ 128ರಲ್ಲಿ ಇನ್ನೊಂದು ಕೇಂದ್ರಕ್ಕೆ ಕರೆ. ಅದು ನಿಂತ ನಂತರವೇ 384. ನೇರವಾಗಿ 384ಕ್ಕೆ ಕೈಹಾಕಿದವರಿಗೆ ಆರು ವಾಹಿನಿಗಳಲ್ಲಿ ಯಾವುದು ಕೈಕೊಟ್ಟಿತೆಂದು ತಿಳಿಯುವುದಿಲ್ಲ. ಪರದೆಯ ಮೂಲೆಯಲ್ಲಿ 256 ಎಂದು ಕಂಡರೆ ಮೂರರಲ್ಲಿ ಒಂದು ಸಂಪರ್ಕ ಸತ್ತಿದೆಯೆಂದು ಹತ್ತನೆಯ ತರಗತಿ ಓದಿದವರೂ ಲೆಕ್ಕ ಹಾಕಬಹುದಾಗಿತ್ತು.

ಧ್ವನಿಯ ವಿಷಯದಲ್ಲಿಯೂ ಒಂದು ಆಯ್ಕೆ ಇದ್ದಿತು. 128 ಕಿಲೊಬಿಟ್‌ನಲ್ಲಿ ಧ್ವನಿಗೇ 64 ಕೊಟ್ಟರೆ ಚಿತ್ರಕ್ಕೆ ಅರ್ಧವೂ ಉಳಿಯುವುದಿಲ್ಲ. ಧ್ವನಿಯನ್ನು 16 ಕಿಲೊಬಿಟ್‌ಗೆ ಕುಗ್ಗಿಸುವ ಕ್ರಮವೂ ಇತ್ತು. ಆಗ ಚಿತ್ರಕ್ಕೆ ಸುಮಾರು 110 ದೊರೆಯುತ್ತಿತ್ತು. ಚಿತ್ರ ಚೆನ್ನಾಗಿ ಕಾಣಲೆಂದು ಧ್ವನಿಯನ್ನು ಕುಗ್ಗಿಸುವುದು ಸಭೆಯ ದೃಷ್ಟಿಯಿಂದ ಒಳ್ಳೆಯ ವ್ಯಾಪಾರವಲ್ಲ. ಸದಸ್ಯೆಯೊಬ್ಬರು ‘ಹದಿನೈದು ಮನೆ’ ಎಂದದ್ದು ಆಚೆ ‘ಐದು ಮನೆ’ ಎಂದು ಕೇಳಿಸಿದರೆ, ಅವರ ಮುಖ ಎಷ್ಟೇ ಸ್ಪಷ್ಟವಾಗಿ ಕಂಡರೂ ಹತ್ತು ಮನೆಗಳು ನಡಾವಳಿಯಿಂದ ಬಿಟ್ಟುಹೋಗುತ್ತವೆ.

ಖರ್ಚಿನ ಲೆಕ್ಕ ಸದಸ್ಯರಿಗೆ ಹೆಚ್ಚು ಸಂಬಂಧಿಸಿದ್ದು. ಆರು ವಾಹಿನಿ ಎಂದರೆ ಆರು ಕರೆಗಳ ಶುಲ್ಕ, ಅದೂ ಕರೆ ಮಾಡಿದವರ ಖಾತೆಗೆ. ಸಭೆ ಮುಗಿದ ಮೇಲೆ ಪರದೆಯನ್ನಷ್ಟೇ ಆರಿಸಿ ಕರೆಯನ್ನು ಕಡಿಯದೆ ಹೋದರೆ ಆರೂ ಮೀಟರುಗಳು ಒಟ್ಟಿಗೆ ಓಡುತ್ತವೆ. ಬಳಸಿದರೂ ಬಳಸದಿದ್ದರೂ ಬಾಡಿಗೆ ಪ್ರತ್ಯೇಕ. ಉಪಕರಣ ಮೂಲೆ ಸೇರಿದ ಮೇಲೂ ಸಂಪರ್ಕ ರದ್ದತಿಗೆ ಲಿಖಿತ ಅರ್ಜಿ ಕೊಡದಿದ್ದಲ್ಲಿ ಬಾಡಿಗೆ ಬೆಳೆಯುತ್ತಲೇ ಹೋಗುತ್ತದೆ. ಯಾವುದೇ ಕಚೇರಿಯ ದೂರವಾಣಿ ಬಿಲ್ಲುಗಳು ಅನುಮೋದನೆಗೆ ಬಂದಾಗ, ಪ್ರತಿ ಸಂಖ್ಯೆಯ ಮುಂದೆ ‘ಇದು ಯಾವ ಕೊಠಡಿಯಲ್ಲಿದೆ, ಯಾರು ಬಳಸುತ್ತಾರೆ’ ಎಂದು ಕೇಳುವ ಹಕ್ಕು ಸದಸ್ಯರಿಗಿದೆ. ಉತ್ತರ ಬಾರದ ಸಂಖ್ಯೆ ಸಿಕ್ಕರೆ ಆ ಪ್ರಶ್ನೆ ವ್ಯರ್ಥವಾಗಲಿಲ್ಲವೆಂದೇ ಅರ್ಥ.

ಈ ವ್ಯವಸ್ಥೆ ಗ್ರಾಮ ಪಂಚಾಯತಿಯ ಮಟ್ಟಕ್ಕೆ ಇಳಿಯಲು ತಡೆಯಾಗಿದ್ದ ಕಾರಣಗಳೂ ಲೆಕ್ಕದಲ್ಲೇ ಇವೆ. ಎಕ್ಸ್‌ಚೇಂಜಿನಿಂದ ತಾಮ್ರದ ತಂತಿಯ ಉದ್ದ ಸುಮಾರು ಐದೂವರೆ ಕಿಲೊಮೀಟರ್ ಮೀರಿದರೆ ಐಎಸ್‌ಡಿಎನ್ ಸಂಕೇತ ನಿಲ್ಲುವುದಿಲ್ಲ. ಹಲವು ಕೇಂದ್ರಗಳನ್ನು ಒಂದೇ ಸಭೆಗೆ ಸೇರಿಸಲು ಜಿಲ್ಲಾ ಕೇಂದ್ರದಲ್ಲಿ 30 ಬಿ ವಾಹಿನಿಗಳ ದೊಡ್ಡ ಸಂಪರ್ಕ ಬೇಕು. ಪ್ರತಿ ಕೇಂದ್ರಕ್ಕೆ ಆರು ವಾಹಿನಿಯಂತೆ ಅದರಲ್ಲಿ ಕೂರುವುದು ಐದೇ ಕೇಂದ್ರಗಳು. ಎಂಟು ತಾಲ್ಲೂಕುಗಳ ಜಿಲ್ಲೆಗೇ ಅಂಥವು ಎರಡು ಬೇಕೆಂದ ಮೇಲೆ, ನೂರಾರು ಗ್ರಾಮ ಪಂಚಾಯತಿಗಳ ಮಾತು ದೂರವೇ ಉಳಿಯಿತು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯು ಸದಸ್ಯರ ತರಬೇತಿಗೆ ಉಪಗ್ರಹವನ್ನು ಬಳಸಿಕೊಂಡುದನ್ನು ಈ ಹಿನ್ನೆಲೆಯಲ್ಲಿ ನೋಡಬಹುದು. ಆ ತರಬೇತಿಯಲ್ಲಿ ಚಿತ್ರ ಒಂದೇ ದಿಕ್ಕಿನಲ್ಲಿ, ಮೈಸೂರಿನಿಂದ ತಾಲ್ಲೂಕಿಗೆ. ಮಾತು ಮಾತ್ರ ಎರಡೂ ದಿಕ್ಕಿಗೆ. ಅಂಥ ಉಪಗ್ರಹ ಸುಮಾರು 36,000 ಕಿಲೊಮೀಟರ್ ಎತ್ತರದಲ್ಲಿರುವುದರಿಂದ ಸಂಕೇತ ಹೋಗಿ ಇಳಿಯಲು ಕಾಲು ಸೆಕೆಂಡ್ ಹಿಡಿಯುತ್ತದೆ. ತರಬೇತುದಾರರ ಮಾತಿಗೂ ಕೇಳುವವರ ಪ್ರಶ್ನೆಗೂ ನಡುವೆ ಡಿಕ್ಕಿಯಾಗಲು ಈ ವಿಳಂಬವೇ ಸಾಕು. ಅದರಲ್ಲಿ ಪ್ರಶ್ನೆ ಕೇಳಿದವರ ತಪ್ಪೇನೂ ಇರಲಿಲ್ಲ.

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಒಪ್ಪಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಯೋಜನೆ, ಮುಂದೆ ಭಾರತ್‌ನೆಟ್ ಎಂದು ಹೆಸರಾದದ್ದು, ಪ್ರತಿ ಗ್ರಾಮ ಪಂಚಾಯತಿಗೆ 100 ಮೆಗಾಬಿಟ್ ಸಂಪರ್ಕದ ಗುರಿಯಿಟ್ಟುಕೊಂಡಿತು. 384 ಕಿಲೊಬಿಟ್‌ನ ಪಕ್ಕದಲ್ಲಿ ಇಟ್ಟು ನೋಡಿದರೆ ಇದು 260 ಪಟ್ಟು. ಆದರೂ ಸಂವಾದ ಕಡಿಯುತ್ತದೆ. ಕಾರಣವೆಂದರೆ, ಐಎಸ್‌ಡಿಎನ್‌ನಲ್ಲಿ ಕರೆ ಕೂಡಿದ ಕ್ಷಣದಿಂದ ಮುಗಿಯುವವರೆಗೆ ಆ 384 ಬೇರೆ ಯಾರಿಗೂ ಸಲ್ಲುವುದಿಲ್ಲ. ಅಂತರ್ಜಾಲದಲ್ಲಿ ಹಾಗೆ ಮೀಸಲಾದ ಪಾಲು ಸಾಮಾನ್ಯವಾಗಿ ಇರುವುದಿಲ್ಲ. ಸಂವಾದದ ಹೊತ್ತಿನಲ್ಲೇ ಪಕ್ಕದ ಕೊಠಡಿಯಲ್ಲಿ ಕಾಮಗಾರಿಯ ಫೋಟೊಗಳು ಅಪ್‌ಲೋಡ್ ಆಗುತ್ತಿದ್ದರೆ, ಅವೂ ಸದಸ್ಯರ ಮಾತೂ ಒಂದೇ ಬಾಗಿಲಿನಲ್ಲಿ ನುಗ್ಗುತ್ತವೆ. ವೇಗ ಪರೀಕ್ಷೆಯಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಬಹುಮಟ್ಟಿಗೆ ಇಳಿಮುಖದ ವೇಗ. ಪಂಚಾಯತಿಯ ಮಾತು ಜಿಲ್ಲೆಗೆ ತಲುಪುವುದು ಏರುಮುಖದ ವೇಗದಲ್ಲಿ, ನೋಡಬೇಕಾದದ್ದು ಅದನ್ನು. ಅದು ಸತತವಾಗಿ 2 ಮೆಗಾಬಿಟ್ ನಿಂತರೆ ಸಭೆಗೆ ಸಾಕು.

ಹಳೆಯ ಎನ್‌ಟಿ-1 ಪೆಟ್ಟಿಗೆಯ ಜಾಗದಲ್ಲಿ ಈಗ ಒಎನ್‌ಟಿ ಪೆಟ್ಟಿಗೆ ಇದೆ. ಅದಕ್ಕೂ ಯುಪಿಎಸ್ ಬೇಕೆಂಬ ಮಾತು ಬದಲಾಗಿಲ್ಲ. ಅದರ ಮೇಲೆ ‘ಲಾಸ್’ ಎಂಬ ಕೆಂಪು ದೀಪ ಉರಿಯುತ್ತಿದ್ದರೆ ಬೆಳಕಿನ ಸಂಕೇತವೇ ಬರುತ್ತಿಲ್ಲ. ರಸ್ತೆ ಅಗೆತದಲ್ಲೋ ಕಂಬದ ಮೇಲೋ ಫೈಬರ್ ತುಂಡಾಗಿರುವ ಸಂಭವ ಹೆಚ್ಚು. ಆಗ ಗಣಕಯಂತ್ರವನ್ನು ಹತ್ತು ಸಲ ಆರಿಸಿ ಹಚ್ಚುವುದರಿಂದ ಪ್ರಯೋಜನವಿಲ್ಲ. ಸಂವಾದದ ಗಣಕಯಂತ್ರಕ್ಕೆ ವೈ-ಫೈ ಬದಲು ಕೇಬಲ್ಲನ್ನೇ ನೇರವಾಗಿ ಜೋಡಿಸುವುದು, ಸಭೆಯ ಅವಧಿಯಲ್ಲಿ ಉಳಿದ ಅಪ್‌ಲೋಡ್ ಕೆಲಸವನ್ನು ನಿಲ್ಲಿಸುವುದು, ಹಿಂದಿನ ದಿನ ಅದೇ ಹೊತ್ತಿಗೆ, ಅಂದರೆ ಬೆಳಿಗ್ಗೆ ಹನ್ನೊಂದಕ್ಕೆ ಸಭೆಯಿದ್ದರೆ ಹನ್ನೊಂದಕ್ಕೇ, ತಾಲ್ಲೂಕು ಪಂಚಾಯತಿ ಕಚೇರಿಗೆ ಪರೀಕ್ಷಾ ಕರೆ ಮಾಡಿ ಏರುಮುಖದ ವೇಗವನ್ನು ಒಂದು ವಹಿಯಲ್ಲಿ ಬರೆದಿಡುವುದು, ಇವು ಮೂರಕ್ಕೂ ಹಣ ಬೇಕಾಗಿಲ್ಲ. ಸಂಪರ್ಕ ಕಡಿದರೆ ಕಡಿದ ಸಮಯ, ಒಎನ್‌ಟಿಯ ಮೇಲೆ ಯಾವ ದೀಪ ಉರಿಯುತ್ತಿತ್ತು, ದೂರು ಸಂಖ್ಯೆ ಎಷ್ಟು ಎಂಬುದನ್ನೂ ಅದೇ ವಹಿಯಲ್ಲಿ ನಮೂದಿಸಿ, ಮಂಡಿಸಬೇಕಾಗಿದ್ದ ವಿಷಯವನ್ನು ಅಂದೇ ಲಿಖಿತವಾಗಿ ಕಳುಹಿಸಿದಲ್ಲಿ, ನಡಾವಳಿಯಲ್ಲಿ ‘ಸಂಪರ್ಕ ದೊರೆಯಲಿಲ್ಲ’ ಎಂಬ ಪದಗಳ ಮುಂದೆ ಆ ವಿಷಯವನ್ನೂ ಸೇರಿಸುವಂತೆ ಅಧ್ಯಕ್ಷರು ಕೇಳಬಹುದು.