ಗಡಾಯಿಕಲ್ಲಿನ ಕೆರೆ ತಿದ್ದಿದ ನನ್ನ ಪಾಠ

ಅಭ್ಯಾಸ ಬೋಧನೆಗೆ ನನಗೆ ದೊರೆತದ್ದು ಅಜ್ಜಾವರದ ಎಂಟನೇ ತರಗತಿ. ಘಟಕ: ಜಲಮೂಲಗಳು. ಹಿಮಾಲಯದಲ್ಲಿ ಸುಮಾರು 5,000 ಮೀಟರ್ ಎತ್ತರದಲ್ಲಿರುವ ರೂಪಕುಂಡದ ಚಿತ್ರ ತೋರಿಸಿ, ಹಿಮ ಕರಗಿ ಇಂಥ ಕೆರೆಗಳು ತುಂಬುತ್ತವೆ ಎಂದು ವಿವರಿಸಿದೆ. ಹಿಂದಿನ ಬೆಂಚಿನ ಹುಡುಗ ಎದ್ದು ಕೇಳಿದ: "ಟೀಚರ್, ಗಡಾಯಿಕಲ್ಲಿನ ತುದಿಯಲ್ಲೂ ಕೆರೆ ಉಂಟಂತೆ. ಅಲ್ಲಿ ಹಿಮ ಇಲ್ಲವಲ್ಲ? ನಮ್ಮ ಬಾವಿಯೇ ಬೇಸಿಗೆಯಲ್ಲಿ ಬತ್ತುತ್ತದೆ."

"ಒರತೆ ಇರಬಹುದು" ಎನ್ನಬೇಕಿತ್ತು. "ಒರತೆಯಿಂದ" ಎಂದುಬಿಟ್ಟೆ. ಮಕ್ಕಳು ಬರೆದುಕೊಂಡರು. ಮೇಲ್ವಿಚಾರಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದರು: "ಈ ಉತ್ತರ ನಿಮಗೆ ಎಲ್ಲಿಂದ ಬಂತು?"

ಮುಂದಿನ ಭಾನುವಾರ ನಾವು ನಾಲ್ವರು ಪ್ರಶಿಕ್ಷಣಾರ್ಥಿಗಳು ಬೆಳ್ತಂಗಡಿ ತಾಲೂಕಿನ ಗಡಾಯಿಕಲ್ಲು ಹತ್ತಿದೆವು. 1794ರಲ್ಲಿ ಟಿಪ್ಪು ಸುಲ್ತಾನ್ ಇಲ್ಲಿ ಜಮಾಲಾಬಾದ್ ಕೋಟೆ ಕಟ್ಟಿಸಿದ. ಬಂಡೆಯಲ್ಲೇ ಕಡಿದ ಸುಮಾರು 1,800 ಮೆಟ್ಟಿಲುಗಳು. ಅರ್ಧ ದಾರಿಯಲ್ಲೇ ಬಾಟಲಿ ಖಾಲಿಯಾಯಿತು. ಕೋಟೆಯಲ್ಲಿದ್ದ ಸೈನಿಕರ ಬಾಯಾರಿಕೆ ಆಗ ಅರ್ಥವಾಯಿತು. ತುದಿಯಲ್ಲಿ ಪುಟ್ಟ ಕೆರೆ, ಹಸಿರುಗಟ್ಟಿದ ನೀರು. ಸುತ್ತ ಹುಡುಕಿದರೂ ನೀರು ಉಕ್ಕುವ ಜಾಗ ಕಾಣಲಿಲ್ಲ. ಅದಕ್ಕಿಂತ ಎತ್ತರದಿಂದ ನೀರು ಹರಿದುಬರಲು ಬೇರೆ ಗುಡ್ಡವೂ ಇಲ್ಲ. ಅದು ಮಳೆನೀರನ್ನು ಹಿಡಿದಿಡುವ ಕೆರೆ.

ಮರುಪಾಠವನ್ನು ಹೀಗೆ ಆರಂಭಿಸಿದೆ: "ಮೊನ್ನೆ ನಾನು ಹೇಳಿದ್ದು ತಪ್ಪು. ಹೋಗಿ ನೋಡಿ ಬಂದೆ." ತರಗತಿ ನಿಶ್ಶಬ್ದವಾಯಿತು. ಮೇಜಿನ ಮೇಲೆ ಒಂದು ಮುರಕಲ್ಲು, ಪಕ್ಕದಲ್ಲಿ ಮಸಾಲೆ ಅರೆಯುವ ಹಳೆಯ ಕಗ್ಗಲ್ಲು. ಮುರಕಲ್ಲಿನಲ್ಲೂ ಒಂದು ಗುಂಡಿ ಕೊರೆಸಿದ್ದೆ. ಎರಡಕ್ಕೂ ಒಂದೊಂದು ಲೋಟ ನೀರು ಹಾಕುವ ಮೊದಲು ಏನಾಗಬಹುದೆಂದು ಊಹಿಸಿ ಬರೆಯಲು ಹೇಳಿದೆ. ಮುರಕಲ್ಲು ನೋಡುತ್ತಿದ್ದಂತೆ ನೀರು ಕುಡಿಯಿತು. ಕಗ್ಗಲ್ಲಿನ ಗುಂಡಿಯಲ್ಲಿ ನೀರು ಹಾಗೆಯೇ ನಿಂತಿತು.

ಅದೇ ಹುಡುಗ ಹೇಳಿದ: "ಹಾಗಾದರೆ ನಮ್ಮ ಬಾವಿಯಲ್ಲಿರುವುದು ಗುಡ್ಡ ಕುಡಿದ ನೀರು." ಅಂತರ್ಜಲಕ್ಕೆ ನನ್ನ ಪಾಠಯೋಜನೆಯಲ್ಲಿದ್ದ ವ್ಯಾಖ್ಯೆಗಿಂತ ಇದು ಸ್ಪಷ್ಟವಾಗಿತ್ತು. ಕರಿಹಲಗೆಯ ಮೇಲೆ ಅವನ ಮಾತನ್ನೇ ಬರೆದೆ.

ಕೊರತೆಯೂ ಉಳಿಯಿತು. ಮೌಲ್ಯಮಾಪನದಲ್ಲಿ ಕೆಲವರು "ಕಗ್ಗಲ್ಲಿನ ಗುಡ್ಡದಲ್ಲೆಲ್ಲ ಕೆರೆ ಇರುತ್ತದೆ" ಎಂದು ಬರೆದಿದ್ದರು. ಗುಂಡಿಯಿಲ್ಲದ, ಓರೆಯಾಗಿಟ್ಟ ಕಗ್ಗಲ್ಲೊಂದನ್ನೂ ತೋರಿಸಿದ್ದರೆ ನೀರು ಜಾರಿಹೋಗುವುದನ್ನು ಕಾಣುತ್ತಿದ್ದರು. ಬಿಸಿಲಿಗೆ ಆವಿಯಾಗುವ ನೀರಿನ ಲೆಕ್ಕವನ್ನೂ ನಾನು ಬಿಟ್ಟಿದ್ದೆ. ಈ ಪಾಠ ಮಾಡುವ ಗೆಳೆಯರು ಮೂರು ಕಲ್ಲು ಇಟ್ಟುಕೊಳ್ಳಿ. ಕಗ್ಗಲ್ಲಿನ ಗುಂಡಿಯ ನೀರನ್ನು ವಾರವಿಡೀ ಮಕ್ಕಳೇ ಅಳೆಯಲಿ.

ವೀಕ್ಷಣಾ ಪುಸ್ತಕದ ಆ ಪ್ರಶ್ನೆಯನ್ನು ಈಗ ಪ್ರತಿ ಪಾಠಯೋಜನೆಯ ಮೇಲ್ತುದಿಯಲ್ಲಿ ಬರೆದುಕೊಳ್ಳುತ್ತೇನೆ.